ಅಂಚಿನಲ್ಲಿ ನಿಂತವನು

ಆ ಕೋಣೆಯಲ್ಲಿ ಒಬ್ಬರು ಕಣ್ಣು, ಒಬ್ಬರು ಕೈ. ಹಾಗೆಂದು ಯಾವ ಆದೇಶವೂ ಇರಲಿಲ್ಲ. ಹೆದ್ದಾರಿಯ ಕಂಟ್ರೋಲ್ ರೂಮು ಹೊಸದಾಗಿ ತೆರೆದಾಗ ಅಲ್ಲಿ ಕೂತವರು ತಮಗೆ ತಾವೇ ಮಾಡಿಕೊಂಡ ಪದ್ಧತಿ ಅದು. ಅವರೆಲ್ಲ ಬಿಟ್ಟುಹೋದ ಮೇಲೂ ಪದ್ಧತಿ ಉಳಿದಿತ್ತು.

ರಸ್ತೆಯ ಹೊರ ಅಂಚಿನಲ್ಲಿ ಒಂದು ವಾಹನ ಹಿಡಿಯುವಷ್ಟು ಅಗಲದ ಪಟ್ಟಿ ಇತ್ತು. ಕೆಟ್ಟು ನಿಂತ ಕಾರು, ಗಾಳಿ ಇಳಿದ ಚಕ್ರ, ತಲೆ ಸುತ್ತಿ ಬಂದ ಚಾಲಕ, ಎಲ್ಲರಿಗೂ ಅದೇ ಆಸರೆ. ದಿನವಿಡೀ ಅದರ ಮೇಲೆ, ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದ ಕಮಾನುಗಳ ಫಲಕಗಳಲ್ಲಿ ಕೆಂಪು ಇಂಟು ಗುರುತು ಉರಿಯುತ್ತಿತ್ತು: ಇಲ್ಲಿ ಯಾರೂ ಬರಬೇಡಿ. ಸಂಜೆ ಊರಿಗೆ ಊರೇ ಮನೆಗೆ ಹೊರಟು ರಸ್ತೆ ಉಸಿರುಗಟ್ಟಿದಾಗ ಮಾತ್ರ ಆ ಇಂಟು ಅಳಿಸಿ, ಹಸಿರು ಬಾಣ ಹಾಕಿ, ಅಂಚನ್ನೂ ಓಡಾಟಕ್ಕೆ ಬಿಡುತ್ತಿದ್ದರು. ಬಿಡುವ ಮೊದಲು ಕಣ್ಣಾದವರು ಕ್ಯಾಮೆರಾಗಳನ್ನು ಒಂದೊಂದಾಗಿ ನೋಡಿ ಒಂದೊಂದಕ್ಕೂ ಬಾಯಿಬಿಟ್ಟು "ಖಾಲಿ" ಅನ್ನಬೇಕು. ಕೊನೆಯ ಖಾಲಿ ಕಿವಿಗೆ ಬಿದ್ದ ಮೇಲೆ ಕೈಯಾದವರು ಗುಂಡಿ ಒತ್ತಬೇಕು. ಕೈ ಯಾವಾಗಲೂ ಪರದೆಗಳಿಗೆ ಬೆನ್ನು ಹಾಕಿ ಕೂರುತ್ತಿತ್ತು. ಇಬ್ಬರೂ ನೋಡುವಂತಾದರೆ ಒಬ್ಬರನ್ನೊಬ್ಬರು ನಂಬಿಕೊಂಡು ಇಬ್ಬರೂ ನೋಡದೆ ಬಿಡುತ್ತಾರೆ ಎಂಬುದು ಹಳಬರ ಲೆಕ್ಕಾಚಾರ.

ಅವಳು ಕಣ್ಣಾಗಲೆಂದೇ ಹುಟ್ಟಿದವಳು. ಮನೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವಳು. ಗ್ಯಾಸ್ ಆರಿಸಿದ್ದೇನೆಂದು ಗೊತ್ತಿದ್ದೂ ಮೂಗು ಒಡ್ಡಿ ವಾಸನೆ ನೋಡುವಳು. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸು. ಅವನನ್ನು ಸಾಕಿದ ವರ್ಷಗಳಲ್ಲಿ ಈ ಅಭ್ಯಾಸ ಅವಳ ಮೈಗೆ ಹತ್ತಿತ್ತು. ತಮ್ಮ ಬೆಳೆದು ಕೆಲಸ ಹುಡುಕುವ ಕಾಲಕ್ಕೆ ಅವಳೇ ಮಾತಾಡಿ ಇದೇ ಹೆದ್ದಾರಿಯ ಗಸ್ತು ವ್ಯಾನಿಗೆ ಸೇರಿಸಿದ್ದಳು. ಎಲ್ಲೋ ಕಣ್ಣಿಗೆ ಕಾಣದ ಕಡೆ ಇರುವುದಕ್ಕಿಂತ ಕ್ಯಾಮೆರಾದ ಮುಂದಿರಲಿ ಎಂದು.

"ಬೇರೆಯವರ ಅಕ್ಕಂದಿರು ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಾರೆ," ಎಂದು ತಮ್ಮ ಎಲ್ಲರೆದುರು ಗೋಳು ತೋಡಿಕೊಳ್ಳುತ್ತಿದ್ದ. "ನಮ್ಮಕ್ಕ ಫೋನ್ ಮಾಡಿ, ಈಗ ತಿಂದಿದ್ದೇನೋ ಅದು, ಅರ್ಧಕ್ಕೆ ಯಾಕೆ ಬಿಟ್ಟೆ ಅಂತಾಳೆ."

ಕೈಯಾಗಿ ಕೂರುತ್ತಿದ್ದವಳು ದೊಡ್ಡಮ್ಮ. ಯಾರ ದೊಡ್ಡಮ್ಮ ಎಂದು ಯಾರೂ ಕೇಳಿದವರಿಲ್ಲ; ಸೇರಿದ ದಿನದಿಂದ ಇಡೀ ಕಚೇರಿಗೇ ದೊಡ್ಡಮ್ಮ. ದಪ್ಪ ಮೈ, ಕುರ್ಚಿಗೊಂದು ಹಳೇ ದಿಂಬು, ಬಾಯಲ್ಲಿ ಸದಾ ಒಂದು ಲವಂಗ. ಇವರಿಬ್ಬರ ಮೇಲೆ ಒಬ್ಬ ಮೇಲ್ವಿಚಾರಕ. ಯಾವ ಮಾತಿಗೂ "ಒಂದ್ನಿಮಿಷ" ಎಂದು ಕೈಯೆತ್ತುತ್ತಿದ್ದರಿಂದ ಬೆನ್ನ ಹಿಂದೆ ಅವನ ಹೆಸರೇ ಒಂದ್ನಿಮಿಷ ಆಗಿತ್ತು.

ಅವಳಿಗೆ ಆ ಕೆಲಸದಲ್ಲಿ ಹೆಮ್ಮೆ ಇತ್ತು. ಮೊದಲು ಈ ರಸ್ತೆಗೆ ವಾರಕ್ಕೊಂದಾದರೂ ಬಲಿ ಬೇಕಿತ್ತಂತೆ. ಕಮಾನುಗಳು ಬಂದ ಮೇಲೆ, ಮುಂದೆ ವಾಹನ ಜಮೆಯಾಗುವ ಸುಳಿವು ಸಿಕ್ಕರೆ ಸಾಕು, ಮೈಲುಗಟ್ಟಲೆ ಹಿಂದೆಯೇ ವೇಗದ ಅಂಕಿ ಇಳಿಯುತ್ತಿತ್ತು: ನೂರು ಹೋಗಿ ಎಂಬತ್ತು, ಎಂಬತ್ತು ಹೋಗಿ ಅರವತ್ತು. ಚಾಲಕರು ಗೊಣಗಿಕೊಂಡು ನಿಧಾನಿಸುತ್ತಿದ್ದರು. ಮುಂದೆ ಬಂದು ನೋಡಿದರೆ ಏನೂ ಇಲ್ಲ, ಸುಮ್ಮನೆ ನಿಧಾನ ಮಾಡಿಸಿದರು ಎಂದು ಬೈಯುತ್ತಿದ್ದರು. ಏನೂ ಇರಲಿಲ್ಲವಲ್ಲ, ಅದೇ ಅವಳ ಸಂಬಳದ ಕೆಲಸ. ನಡೆಯದೇ ಹೋದ ಅಪಘಾತಕ್ಕೆ ಸಾಕ್ಷಿ ಹೇಳುವವರು ಯಾರು? ಕೆಲವೊಮ್ಮೆ ಹರಿದು ಹೋಗುವ ವಾಹನಗಳ ಸಾಲನ್ನು ನೋಡುತ್ತ, ಇದರಲ್ಲಿ ಇವತ್ತು ಯಾರು ಇರಬಾರದಿತ್ತು, ಯಾರು ತನ್ನಿಂದಾಗಿ ಇನ್ನೂ ಇದ್ದಾರೆ ಎಂದು ಯೋಚಿಸಿ ಅವಳಿಗೆ ಬೆನ್ನು ತಣ್ಣಗಾಗುತ್ತಿತ್ತು.

ಬಿಸಿಲು ಓರೆಯಾಗುವ ತಿಂಗಳು ಬಂತು. ಗುಡ್ಡದ ತಿರುವು ಎಂದು ಅವರು ಕರೆಯುತ್ತಿದ್ದ ಕಡೆ ರಸ್ತೆ, ಕತ್ತರಿಸಿದ ಬಂಡೆಯ ಪಕ್ಕ ಹೊರಳಿ ಹೋಗುತ್ತದೆ. ಆ ಬಂಡೆಯ ನೆತ್ತಿಯಲ್ಲಿ ಕ್ಯಾಮೆರಾ. ಸಂಜೆ ಆ ಚಿತ್ರದಲ್ಲಿ ಬೆಳಕು ಹಾಲಿನ ಹಾಗೆ ಹರಡಿಕೊಳ್ಳುತ್ತಿತ್ತು.

ಒಂದು ಸಂಜೆ ಅವಳು ಎಂದಿನಂತೆ ಸಾಲಾಗಿ ಹೇಳುತ್ತ ಬಂದಳು. "ಸೇತುವೆ ಬುಡ, ಖಾಲಿ. ಕಾರ್ಖಾನೆ ಗೋಡೆ, ಖಾಲಿ. ಬಂಕಿನ ಎದುರು, ಖಾಲಿ." ಗುಡ್ಡದ ತಿರುವಿಗೆ ಬಂದವಳು ನಿಂತಳು.

ಅಂಚಿನ ಪಟ್ಟಿಯ ಮೇಲೆ ಒಬ್ಬ ನಿಂತಿದ್ದ. ಪಕ್ಕದಲ್ಲಿ ವಾಹನವಿಲ್ಲ. ಮೈಮೇಲೆ ರಸ್ತೆ ಕೆಲಸದವರು ತೊಡುವಂಥ ಕಿತ್ತಳೆ ಬಣ್ಣದ ಜಾಕೆಟ್ಟು. ರಸ್ತೆಗೆ ಬೆನ್ನು ಮಾಡಿ, ಬಿಸಿಲಿಗೆ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು, ಅವನು ಮೇಲಕ್ಕೆ ನೋಡುತ್ತಿದ್ದ. ಮೇಲಕ್ಕೆ ಎಂದರೆ ಕ್ಯಾಮೆರಾದ ಕಡೆಗೆ. ಎಂದರೆ ಅವಳ ಕಡೆಗೆ. ಅಂಗೈಯ ನೆರಳಿನಲ್ಲಿ ಮುಖ ಕಾಣುತ್ತಿರಲಿಲ್ಲ.

"ಗುಡ್ಡದ ತಿರುವು ಖಾಲಿ ಇಲ್ಲ," ಎಂದಳು. "ಯಾರೋ ಒಬ್ರು ನಿಂತಿದಾರೆ."

ದೊಡ್ಡಮ್ಮ ಗುಂಡಿಯ ಮೇಲಿದ್ದ ಬೆರಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ತಿರುಗಿ ನೋಡಲಿಲ್ಲ. ತಮ್ಮನಿಗೆ ಕರೆ ಹೋಯಿತು. ಅವನು ವ್ಯಾನ್ ತಂದು, ದೀಪ ಮಿಣುಕಿಸಿ ನಿಲ್ಲಿಸಿ, ಸುತ್ತ ಹುಡುಕಿದ. ಯಾರೂ ಇರಲಿಲ್ಲ.

"ಅಕ್ಕಾ, ಇಲ್ಲಿ ಒಂದು ಹರಿದ ಟೈರ್ ಬಿಟ್ರೆ ನರಪಿಳ್ಳೆ ಇಲ್ಲ. ನೀನು ನೋಡಿದವನಿಗೆ ಕಾಲು ಹೇಗಿತ್ತು? ಹಿಂದುಮುಂದಾಗಿತ್ತಾ?"

"ತಮಾಷೆ ಸಾಕು. ಬೇಲಿ ಆಚೆ ನೋಡಿದ್ಯಾ?"

"ಬೇಲಿ ಆಚೆ ಬಂಡೆ ಇದೆ. ಬಂಡೆ ಒಳಗೆ ನೋಡ್ಲಾ?"

ಚಿತ್ರದಲ್ಲಿ ಆಗ ತಮ್ಮ ಮಾತ್ರ ಇದ್ದ. ಮತ್ತೊಬ್ಬ ಯಾವ ಗಳಿಗೆಯಲ್ಲಿ ಹೋದನೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಮೇಲ್ವಿಚಾರಕ ದಾಖಲಾದ ಚಿತ್ರವನ್ನು ಹಿಂದಕ್ಕೆ ಓಡಿಸಿ ತೋರಿಸಿದ. ಬರೀ ಬೆಳಕು, ಬರೀ ರಸ್ತೆ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರೂ ಅಷ್ಟೇ.

ಎರಡು ದಿನ ಬಿಟ್ಟು ಅವನು ಮತ್ತೆ ನಿಂತಿದ್ದ. ಮುಂದಿನ ವಾರ ಮತ್ತೆ. ಪ್ರತಿ ಸಲವೂ ಅವಳು ಖಾಲಿ ಇಲ್ಲ ಎಂದಳು; ಪ್ರತಿ ಸಲವೂ ತಮ್ಮ ಹೋಗಿ ಹುಡುಕಿದ. ಅಷ್ಟು ಹೊತ್ತು ಅಂಚು ಮುಚ್ಚಿಯೇ ಇರುತ್ತಿತ್ತು. ವಾಹನಗಳ ಸಾಲು ಬಾಲ ಬೆಳೆಸಿಕೊಂಡು ಸೇತುವೆಯನ್ನೂ ದಾಟಿ, ಕಮಾನುಗಳೇ ಇಲ್ಲದ ಹಳೇ ರಸ್ತೆಯವರೆಗೆ ಹೋಗುತ್ತಿತ್ತು. ಮೂರನೆಯ ಸಲ ಆ ಬಾಲದ ತುದಿಗೆ ಒಂದು ಕಾರು ಬಂದು ಗುದ್ದಿತು. ನಿಂತಿದ್ದ ಕಾರಿನಲ್ಲಿದ್ದ ಹೆಂಗಸಿನ ಎರಡೂ ಕಾಲು ಮುರಿದವು.

ಒಂದ್ನಿಮಿಷ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದ. ಕೂಗಾಡುವ ಮನುಷ್ಯನಲ್ಲ. ಅವನು ಮೆತ್ತಗೆ ಮಾತಾಡಿದಷ್ಟೂ ಕೇಳುವವರಿಗೆ ಭಯ ಹೆಚ್ಚುತ್ತಿತ್ತು.

"ಮೇಡಂ, ನಿಮ್ಮ ಎಚ್ಚರಿಕೆ ಬಗ್ಗೆ ನಂದು ಎರಡು ಮಾತಿಲ್ಲ. ಆದರೆ ಇಲ್ಲದ ಒಬ್ಬನ್ನ ಉಳಿಸೋಕೆ ಹೋಗಿ ಇರೋ ಒಬ್ಬಳ ಕಾಲು ಹೋಯ್ತು."

"ನನಗೆ ಕಂಡದ್ದು ಹೇಳಿದೆ ಸರ್."

"ಒಂದ್ನಿಮಿಷ. ಇನ್ನೊಂದು ವಿಷಯ. ಖಾಲಿ ರಸ್ತೆ ಮೇಲೆ ಇಂಟು ಉರೀತಾ ಇದ್ರೆ ಜನ ಎಷ್ಟು ದಿನ ನಂಬ್ತಾರೆ? ಮೊದಲು ಆ ಗುರುತು ಕಂಡ್ರೆ ಒಬ್ಬನೂ ಅಂಚಿಗೆ ಇಳೀತಿರಲಿಲ್ಲ. ಈಗ ನುಗ್ತಾ ಇದಾರೆ. ಹುಲಿ ಬಂತು ಹುಲಿ ಬಂತು ಅಂತ ನಾವೇ ಕೂಗಿ ಕೂಗಿ ಹಾಳು ಮಾಡ್ತಿದೀವಿ. ಮತ್ತೊಂದು ಸಲ ಹೀಗಾದ್ರೆ ಕಣ್ಣಿನ ಕುರ್ಚಿಗೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ."

ಅವಳು ಹೊರಗೆ ಬಂದು ಚಹಾದ ಲೋಟ ಹಿಡಿದು ನಿಂತಳು. ದೊಡ್ಡಮ್ಮ ಪಕ್ಕಕ್ಕೆ ಬಂದಳು.

"ಆ ತಿರುವಿನಲ್ಲಿ ಯಾರಾದ್ರೂ ಸತ್ತಿದಾರಾ ದೊಡ್ಡಮ್ಮ? ನಾನು ಬರೋಕೆ ಮುಂಚೆ?"

"ನೀನು ಕೇಳ್ತೀಯ ಅಂತ ನಾನೂ ಯೋಚ್ನೆ ಮಾಡ್ದೆ ಕಣೇ. ಸೇತುವೆ ಹತ್ರ ಆಗಿದಾವೆ. ಬಂಕಿನ ಹತ್ರ ಲೆಕ್ಕವೇ ಇಲ್ಲ. ಗುಡ್ಡದ ತಿರುವಲ್ಲಿ ಒಬ್ಬನೂ ಇಲ್ಲ. ಒಂದು ನಾಯಿ ಕೂಡ ಸತ್ತಿಲ್ಲ."

"ಹಾಗಾದ್ರೆ ಅವನು ಯಾರು?"

"ದೆವ್ವ ಆಗ್ಬೇಕಾದ್ರೂ ಮೊದಲು ಸಾಯೋ ಶಾಸ್ತ್ರ ಮುಗಿಸ್ಬೇಕು ತಾನೇ?" ಎಂದು ದೊಡ್ಡಮ್ಮ ನಕ್ಕಳು. ಅವಳ ಮುಖ ನೋಡಿ, ನಕ್ಕದ್ದು ತಪ್ಪಾಯಿತೆಂಬಂತೆ ಲವಂಗ ಕಚ್ಚಿಕೊಂಡಳು. "ನಾನು ತಿರುಗಿ ನೋಡ್ಲಾ ಒಂದು ಸಲ? ಪದ್ಧತಿ ಮುರಿದು?"

"ಬೇಡ," ಎಂದಳು ಅವಳು. ದೊಡ್ಡಮ್ಮನಿಗೂ ಕಂಡರೆ ಏನು ಗತಿ ಎಂಬ ಭಯ ಒಂದು. ಕಾಣದಿದ್ದರೆ ಏನು ಗತಿ ಎಂಬುದು ಇನ್ನೊಂದು.

ಅದಾದ ಮೇಲೆ ಒಂದು ಮಧ್ಯಾಹ್ನ ಗುಡ್ಡದ ತಿರುವಿನಲ್ಲಿ ಯಾವುದೋ ಲಾರಿಯಿಂದ ಮರದ ಹಲಗೆ ಬಿದ್ದಿದೆ ಎಂದು ಸುದ್ದಿ ಬಂತು. ತಮ್ಮ ಹೋಗಿ ಎತ್ತಿ ಹಾಕಿದ. ಅವಳು ಪರದೆಯ ಮೇಲೆ ಅವನನ್ನು ನೋಡುತ್ತಿದ್ದಳು. ಹಲಗೆಯನ್ನು ವ್ಯಾನಿಗೆ ತಳ್ಳಿ, ಕೈ ಜಾಡಿಸಿಕೊಂಡು, ಅವನು ಅಂಚಿನ ಪಟ್ಟಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತ. ಅಕ್ಕ ನೋಡುತ್ತಿದ್ದಾಳೋ ಇಲ್ಲವೋ ಎಂದು ತಲೆ ಎತ್ತಿದ. ಬಿಸಿಲು ಕಣ್ಣಿಗೆ ಹೊಡೆಯಿತು. ಹಣೆಯ ಮೇಲೆ ಅಂಗೈ ಅಡ್ಡ ಹಿಡಿದ.

ಕಿತ್ತಳೆ ಜಾಕೆಟ್ಟು. ರಸ್ತೆಗೆ ಬೆನ್ನು. ಬೆರಳುಗಳ ನೆರಳಲ್ಲಿ ಮುಚ್ಚಿಹೋದ ಮುಖ.

ಅವಳ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಉರುಳಿತು. ಚಹಾ ಹರಿದು ಅಂಚಿನಿಂದ ತೊಟ್ಟಿಕ್ಕಿತು. ಒರೆಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಒಂದು ಕಾಲಿಗೆ ಭಾರ ಕೊಟ್ಟು ಸೊಂಟ ಓರೆ ಮಾಡಿ ನಿಲ್ಲುವ ಆ ಭಂಗಿಯನ್ನು ಅವಳು ಅವನು ನಡೆಯಲು ಕಲಿತಾಗಿನಿಂದ ನೋಡಿದ್ದಳು. ಇಷ್ಟು ದಿನ ಪರದೆಯಲ್ಲಿ ಅದೇ ಭಂಗಿ ನಿಂತಿದ್ದಾಗ ಯಾಕೆ ಗುರುತಾಗಲಿಲ್ಲ? ಅವನು ಹೊರಗಿನವನು ಎಂದುಕೊಂಡಿದ್ದಳು, ಅದಕ್ಕೆ.

ಆ ರಾತ್ರಿ ಊಟಕ್ಕೆ ಕೂತಾಗ, "ಗುಡ್ಡದ ತಿರುವಲ್ಲಿ ನೀನು ಇಳೀಬೇಡ," ಎಂದಳು.

"ನೀನೇ ಕಳಿಸ್ತೀಯ, ನೀನೇ ಹೋಗ್ಬೇಡ ಅಂತೀಯ. ಯಾವ್ದಾದ್ರೂ ಒಂದು ಹೇಳು ಮಾರಾಯ್ತಿ."

"ಇನ್ಮೇಲೆ ಕಳ್ಸಲ್ಲ."

"ಯಾಕೆ, ನಿನ್ನ ದೆವ್ವ ರಾಜೀನಾಮೆ ಕೊಡ್ತಾ?" ಅವನು ತಟ್ಟೆಯಿಂದ ತಲೆಯೆತ್ತಿ ಅವಳನ್ನು ನೋಡಿದ. ಅವನ ನಗು ಇಳಿಯಿತು. "ಅಕ್ಕಾ, ನೀನು ನಿದ್ದೆ ಮಾಡ್ತಾ ಇಲ್ಲ. ಗೊತ್ತಾಗುತ್ತೆ ನನಗೆ. ಸುಮ್ನೆ ಭಯ ಬೀಳ್ತೀಯ. ನೀನು ಅಲ್ಲಿ ಕೂತು ನೋಡ್ತಿರೋವರೆಗೂ ನನಗೇನಾಗುತ್ತೆ? ನಾನು ನಿಂತಿದ್ದು ಕಂಡ್ರೆ ನೀನು ಖಾಲಿ ಅಂತೀಯಾ?"

ಅವಳು ಸೌಟು ಎತ್ತಿಕೊಂಡಳು. ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಅವಳಿಗೆ ಈಗ ಒಂದು ವಿಷಯ ಸ್ಪಷ್ಟವಾಗಿತ್ತು. ಖಾಲಿ ಇಲ್ಲ ಎಂದರೆ ನಿಯಮದ ಪ್ರಕಾರ ಗಸ್ತಿನವರು ಹೋಗಿ ಆ ಜಾಗದಲ್ಲಿ ನಿಲ್ಲಬೇಕು. ಗಸ್ತಿನವನು ಎಂದರೆ ತಮ್ಮ. ತಲೆಯ ಮೇಲಿನ ಇಂಟನ್ನು ಬಿಟ್ಟರೆ ಅವನಿಗೆ ಬೇರೆ ರಕ್ಷಣೆ ಇಲ್ಲ. ಆ ಇಂಟನ್ನು ಜನ ನಂಬುವುದನ್ನು ಬಿಡುತ್ತಿದ್ದಾರೆ. ಪರದೆಯಲ್ಲಿ ಕಂಡವನು ನಿಂತ ಜಾಗದಲ್ಲೇ ತಮ್ಮನೂ ಹೋಗಿ ನಿಲ್ಲುವಂತೆ ಮಾಡುತ್ತಿರುವವಳು ತಾನು. ಹಾಗಾದರೆ ಅವನನ್ನು ಕಳಿಸಬಾರದು. ಕಳಿಸದೇ ಇರಬೇಕಾದರೆ ಖಾಲಿ ಅನ್ನಬೇಕು.

ಮೊದಲನೆಯ ಸಲ ಅದು ಸುಲಭಕ್ಕೆ ಬಾಯಿಂದ ಹೊರಡಲಿಲ್ಲ. ಪರದೆಯಲ್ಲಿ ಅವನು ನಿಂತಿದ್ದ, ಅಂಗೈ ಹಣೆಗೆ. ಅವಳು ಮೊದಲು ನಕ್ಷೆಯಲ್ಲಿ ವ್ಯಾನಿನ ಚುಕ್ಕೆ ನೋಡಿದಳು: ಗುಡ್ಡದ ಆಚೆ, ತಂಗುಜಾಗದಲ್ಲಿ. ಸಾಲದೆಂದು ಫೋನ್ ಮಾಡಿದಳು.

"ಎಲ್ಲಿದೀಯೋ?"

"ವ್ಯಾನಲ್ಲಿ. ಕಾಲು ಚಾಚ್ಕೊಂಡು. ಯಾಕೆ?"

"ಏನಿಲ್ಲ." ಫೋನಿಟ್ಟು, "ಗುಡ್ಡದ ತಿರುವು, ಖಾಲಿ," ಎಂದಳು.

ದೊಡ್ಡಮ್ಮ ಗುಂಡಿ ಒತ್ತಿದಳು. ಇಂಟು ಅಳಿಸಿ ಬಾಣ ಬಂತು. ಅಂಚಿಗೆ ಇಳಿದ ಮೊದಲ ಬಸ್ಸು ತಿರುವಿಗೆ ಬಂದು ನಿಂತಿದ್ದವನ ಮೈ ಮೂಲಕ ಹಾದು ಹೋಯಿತು. ಅವನು ಅಲುಗಲಿಲ್ಲ. ಹಿಂದೆ ಕಾರು, ಅದರ ಹಿಂದೆ ಟ್ಯಾಂಕರು. ಎಲ್ಲವೂ ಹಾದು ಹೋದವು, ಬಟ್ಟೆಯ ಮೂಲಕ ಸೂಜಿ ಹೋದಂತೆ. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಕಣ್ಣಿನ ಕೆಲಸಕ್ಕೆ ಕೂರಬಾರದು.

ಆಮೇಲೆ ಅದೇ ದಿನಚರಿಯಾಯಿತು. ಚುಕ್ಕೆ ನೋಡು, ಫೋನ್ ಮಾಡು, ಖಾಲಿ ಅನ್ನು. ರಸ್ತೆ ಸುಸೂತ್ರವಾಗಿ ಹರಿಯತೊಡಗಿತು. ಸಾಲಿನ ಬಾಲ ಮೊಟಕಾಯಿತು. ಒಂದ್ನಿಮಿಷ ಬಾಗಿಲಲ್ಲಿ ತಲೆ ಹಾಕಿ, "ನೋಡಿ, ಈಗ ಎಷ್ಟು ಚೆನ್ನಾಗಿದೆ," ಎಂದು ಹೋದ. ಕೆಲಸ ಬಿಡುವ ಯೋಚನೆಯೂ ಅವಳಿಗೆ ಬಂತು. ಆದರೆ ತಾನು ಎದ್ದರೆ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ. ಅವರಿಗೂ ಅವನು ಕಂಡರೆ, ಅವರು ನಿಯಮ ಬಲ್ಲ ಸಭ್ಯರಾದರೆ, ತಮ್ಮನನ್ನು ಕಳಿಸುತ್ತಾರೆ. ದಿನಾ ಸಂಜೆ ತಮ್ಮನ ರೂಪವನ್ನು ನೋಡುತ್ತ, ಇಲ್ಲಿ ಯಾರೂ ಇಲ್ಲ ಎಂದು ಹೇಳಬಲ್ಲವಳು ತಾನೊಬ್ಬಳೇ.

ದೊಡ್ಡಮ್ಮ ನೋಡದಿದ್ದರೂ ಕೇಳುತ್ತಿದ್ದಳು. ಉಳಿದ ಎಲ್ಲ ಖಾಲಿಗಳೂ ಒಂದು ತರಹ, ಗುಡ್ಡದ ತಿರುವಿನ ಖಾಲಿ ಇನ್ನೊಂದು ತರಹ. ಅವಳ ತಮ್ಮನಿಗೆ ದೊಡ್ಡಮ್ಮ ಅದನ್ನು ಹೇಳಿದಳು. ಯಾವ ದುರುದ್ದೇಶವೂ ಇರಲಿಲ್ಲ, ಮನೆಯ ಹಿರಿಯರು ಹೇಳುವ ಹಾಗೆ ಹೇಳಿದಳು: "ನಿಮ್ಮಕ್ಕ ಆ ಜಾಗಕ್ಕೆ ಬಂದಾಗ ನಡುಗ್ತಾಳೆ ಕಣಪ್ಪಾ. ಬಿಸಿಲಿಗೋ ಧೂಳಿಗೋ ಗಾಜಲ್ಲಿ ಏನೋ ಕಾಣುತ್ತೆ ಅನ್ಸುತ್ತೆ. ಯಾರಾದ್ರೂ ಹತ್ತಿ ಒರೆಸಿದ್ರೆ ಚೆನ್ನಾಗಿತ್ತು."

ಅವತ್ತಿನ ಸಂಜೆ ಬೆಳಕು ಎಂದಿಗಿಂತ ಚೂಪಾಗಿತ್ತು. ವ್ಯಾನಿನ ಚುಕ್ಕೆ ತಂಗುಜಾಗದಲ್ಲೇ ಇತ್ತು. ಅವಳು ಫೋನ್ ಮಾಡಿದಳು.

"ಎಲ್ಲಿದೀಯೋ?"

"ಇನ್ನೆಲ್ಲಿಗೆ ಹೋಗ್ಲಿ? ಇಲ್ಲೇ." ದನಿಯಲ್ಲಿ ಗಾಳಿ ಇತ್ತು, ನಗುವೂ ಇತ್ತು. ಫೋನ್ ಕಟ್ಟಾಯಿತು.

"ಸೇತುವೆ ಬುಡ, ಖಾಲಿ. ಕಾರ್ಖಾನೆ ಗೋಡೆ, ಖಾಲಿ. ಬಂಕಿನ ಎದುರು, ಖಾಲಿ." ಗುಡ್ಡದ ತಿರುವಿಗೆ ಬಂದಾಗ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ದಿನಾ ಹೇಳಿ ರೂಢಿಯಾದ ಮಾತು, ತಾನಾಗೇ ಉದುರುವಂತಿತ್ತು.

ಇಂದು ಇಬ್ಬರಿದ್ದರು.

ಒಬ್ಬರ ಪಕ್ಕ ಒಬ್ಬರು, ಒಂದೇ ಎತ್ತರ, ಒಂದೇ ಜಾಕೆಟ್ಟು. ಇಬ್ಬರದೂ ಅಂಗೈ ಹಣೆಗೆ. ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಒಬ್ಬನ ಹೆಗಲಿಗೆ ಒಂದು ಬಟ್ಟೆ, ಕೈಯಲ್ಲಿ ನೀರಿನ ಬಾಟಲಿ.

"ಕೈ ತೆಗಿ ದೊಡ್ಡಮ್ಮ!"

ದೊಡ್ಡಮ್ಮ ಬಿಸಿ ತಾಗಿದವಳಂತೆ ಕೈ ಕಿತ್ತುಕೊಂಡಳು. "ಏನಾಯ್ತೇ?"

"ನನ್ನ ತಮ್ಮ. ತಿರುವಲ್ಲಿ ನಿಂತಿದಾನೆ. ನಿಜವಾಗಿ."

ಅವಳು ಫೋನ್ ಒತ್ತಿದಳು. ಪರದೆಯಲ್ಲಿ ಅವನು ಕೇಳಿಸದೆ ನಿಂತಿದ್ದ. ವಾಹನಗಳ ಗದ್ದಲಕ್ಕೆ ಜೇಬಿನಲ್ಲಿದ್ದದ್ದು ಕೇಳುವುದಾದರೂ ಹೇಗೆ? ಅವನಿಗೆ ಭಯವೂ ಇರಲಿಲ್ಲ. ತಾನು ಕಂಡರೆ ಅಕ್ಕ ಖಾಲಿ ಅನ್ನುವುದಿಲ್ಲ ಎಂಬ ನಂಬಿಕೆಯ ಮೇಲೆ, ಯಾರಿಗೂ ಹೇಳದೆ, ತಂಗುಜಾಗದಿಂದ ನಡೆದು ಬಂದಿದ್ದ. ಎಷ್ಟು ಸಂಜೆಗಳಿಂದ ಅವಳು ಇದೇ ನೋಟಕ್ಕೆ ಖಾಲಿ ಎಂದಿದ್ದಾಳೆ ಎಂಬುದು ಅವನಿಗೆ ತಿಳಿಯದು.

ಇಂಟು ಇನ್ನೂ ಉರಿಯುತ್ತಿತ್ತು. ಆದರೆ ಬಂಕಿನ ಎದುರಿನ ಕ್ಯಾಮೆರಾದಲ್ಲಿ ಒಂದು ಬಿಳಿ ಸಾಮಾನು ವ್ಯಾನು ಸಾಲಿನಿಂದ ಮೂತಿ ಹೊರಗೆ ಹಾಕಿತು. ಈ ಹೊತ್ತಿಗೆ ಹೇಗೂ ಬಿಡುತ್ತಾರಲ್ಲ ಎಂದು ಅಂಚಿಗೆ ಇಳಿಯಿತು. ತಿರುವಿನ ಆಚೆ ಏನಿದೆ ಎಂದು ಅದರ ಚಾಲಕನಿಗೆ ಕಾಣುವಂತಿರಲಿಲ್ಲ.

ಎಲ್ಲ ಅಂಕಿಗಳನ್ನೂ ಒಮ್ಮೆಗೇ ಇಳಿಸಿಬಿಡಬೇಕೆಂದು ಅವಳ ಮೈಯೆಲ್ಲ ಕೂಗಿತು. ಆದರೆ ನೂರರಿಂದ ಒಂದೇ ಏಟಿಗೆ ನಲವತ್ತು ತೋರಿಸಿದರೆ ಮುಂದಿನವನು ಬ್ರೇಕ್ ಒತ್ತುತ್ತಾನೆ, ಹಿಂದಿನವನು ಅವನ ಬೆನ್ನು ಏರುತ್ತಾನೆ. ತಮ್ಮ ಉಳಿದು ಇನ್ಯಾರದೋ ತಮ್ಮ ಹೋಗುತ್ತಾನೆ. ಹಿಂದಿನಿಂದ ಬರಬೇಕು, ಮೆಟ್ಟಿಲು ಮೆಟ್ಟಿಲಾಗಿ.

"ಸೇತುವೆ ಹಿಂದಿನ ಕಮಾನು, ಎಂಬತ್ತು," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿತು.

"ಎಂಬತ್ತು," ಎಂದಳು ದೊಡ್ಡಮ್ಮ. ಏನು, ಯಾಕೆ ಎಂದು ಕೇಳಲಿಲ್ಲ. ತಿರುಗಿಯೂ ನೋಡಲಿಲ್ಲ.

"ಸೇತುವೆ, ಅರವತ್ತು. ಊರಿಂದ ಸೇರೋ ದಾರಿಗಳಿಗೆ ಕೆಂಪು ದೀಪ."

"ಅರವತ್ತು. ಕೆಂಪು."

ಅವಳು ಕಾದಳು. ವಾಹನಗಳು ಆ ಅಂಕಿಯ ಕೆಳಗೆ ಬಂದು, ಓದಿ, ಕಾಲು ಸಡಿಲಿಸಲು ಹಿಡಿಯುವಷ್ಟು ಹೊತ್ತು ಕಾಯಲೇಬೇಕು. ಬಿಳಿ ವ್ಯಾನು ಬಂಕನ್ನು ದಾಟಿತು. ತಮ್ಮ ಬಾಟಲಿಯಿಂದ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದ, ಚಿಕ್ಕವನಿದ್ದಾಗ ಬಚ್ಚಲಲ್ಲಿ ಆಡುತ್ತ ಕೂರುತ್ತಿದ್ದನಲ್ಲ, ಅಷ್ಟೇ ನಿಧಾನವಾಗಿ.

"ಕಾರ್ಖಾನೆ ಗೋಡೆ, ಅರವತ್ತು. ಬಂಕು, ನಲವತ್ತು. ತಿರುವಿಗೂ ನಲವತ್ತು. ಅಂಚಿನ ಪಕ್ಕದ ಸಾಲಿಗೂ ಇಂಟು ಹಾಕು. ಮಿಣುಕಿಸು."

"ಹಾಕ್ದೆ. ಮಿಣುಕ್ತಾ ಇದೆ."

ರಸ್ತೆ ಉದ್ದಕ್ಕೂ ಕೆಂಪು ಬ್ರೇಕ್ ದೀಪಗಳು ಒಂದರ ಹಿಂದೊಂದು ಹತ್ತಿಕೊಂಡವು. ಇಡೀ ಹರಿವು ದಪ್ಪಗಾಗಿ, ಜೇನಿನಂತೆ ಮೆಲ್ಲಗಾಯಿತು. ಎಲ್ಲರೂ ನಿಧಾನಿಸಿದಾಗ ಕಳ್ಳನಿಗೂ ಅನುಮಾನ ಬರುತ್ತದೆ. ಬಿಳಿ ವ್ಯಾನಿನ ಹಿಂದಿನ ದೀಪ ಒಮ್ಮೆ ಉರಿಯಿತು, ಆರಿತು, ಮತ್ತೆ ಉರಿಯಿತು. ತಿರುವಿಗೆ ಬಂದಾಗ ಅದು ಸೈಕಲ್ಲಿನಷ್ಟು ವೇಗದಲ್ಲಿತ್ತು. ಹಾರ್ನ್ ಹೊಡೆದಿರಬೇಕು, ತಮ್ಮ ಬೆಚ್ಚಿ ತಿರುಗಿದ. ಒಂದು ನೆಗೆತಕ್ಕೆ ಕಬ್ಬಿಣದ ಬೇಲಿಯ ಆಚೆ ಇದ್ದ. ವ್ಯಾನು ಅವನು ನಿಂತಿದ್ದ ಜಾಗದ ಮೇಲೆ ಹಾದು, ಪಕ್ಕದವನ ಮೈಯನ್ನೂ ಹಾದು, ಹೋಯಿತು. ತಮ್ಮ ಬೇಲಿಯ ಆಚೆಯಿಂದ ಅದರ ಹಿಂದೆ ಕೈ ಬೀಸಿ ಬೈಯುತ್ತಿದ್ದ. ಏನು ಬೈಯುತ್ತಿದ್ದನೆಂದು ತುಟಿ ನೋಡಿಯೇ ಗೊತ್ತಾಗುವಂತಿತ್ತು.

ಅವಳು ಪರದೆಯಿಂದ ಕಣ್ಣು ಕೀಳದೆ ಮೇಜು ಹಿಡಿದುಕೊಂಡಳು.

"ಬದುಕಿದಾನಾ?" ಎಂದಳು ದೊಡ್ಡಮ್ಮ, ಗೋಡೆಯನ್ನೇ ನೋಡುತ್ತ.

"ಬದುಕಿದಾನೆ."

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. 

ತಮ್ಮ ಬಂಡೆಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ ಚಿತ್ರದಿಂದ ಮರೆಯಾದ. ಒಂದು ಗಳಿಗೆಯ ನಂತರ ಪರದೆಯ ತುಂಬ ಒದ್ದೆ ಬಟ್ಟೆ ಆಡಿತು. ಕೆಸರು, ಗೆರೆ, ನೀರು. ಬಟ್ಟೆ ಸರಿದು ಅವನ ಮುಖ ಬಂತು, ಪರದೆಯ ಅರ್ಧದಷ್ಟು ದೊಡ್ಡದಾಗಿ, ಬೆವರಿ, ಹಲ್ಲು ಕಿರಿದುಕೊಂಡು. ಅವನು ಫೋನ್ ಮಾಡಿದ.

"ಬೈಬೇಡ, ಮೊದಲು ಕೇಳು. ಧೂಳು ಎಷ್ಟಿತ್ತು ಗೊತ್ತಾ? ಜೇಡ ಬೇರೆ ಮನೆ ಕಟ್ಟಿತ್ತು. ಅದನ್ನೇ ನೀನು ಮನುಷ್ಯ ಅಂದ್ಕೊಂಡಿದ್ದೆ. ಈಗ ನೋಡು, ಏನಾದ್ರೂ ಕಾಣುತ್ತಾ?"

ಅವನ ಕಿವಿಯ ಪಕ್ಕ, ಹೆಗಲಿನ ಮೇಲಿಂದ, ಕೆಳಗಿನ ರಸ್ತೆ ಕಾಣುತ್ತಿತ್ತು. ಒರೆಸಿದ ಗಾಜಿನಲ್ಲಿ ಎಲ್ಲವೂ ಹಿಂದೆಂದೂ ಇಲ್ಲದಷ್ಟು ನಿಚ್ಚಳ: ಡಾಂಬರಿನ ಬಿರುಕು, ಬೇಲಿಯ ತುಕ್ಕು. ಅಂಚಿನ ಪಟ್ಟಿಯ ಮೇಲೆ ಆ ಇನ್ನೊಬ್ಬ ನಿಂತೇ ಇದ್ದ. ಜಾಕೆಟ್ಟಿನ ಮಾಸಿದ ಹೊಲಿಗೆ ಕೂಡ ಕಾಣುತ್ತಿತ್ತು. ಅವಳೇ ಹಾಕಿದ ಹೊಲಿಗೆ.

"ಅಕ್ಕಾ? ಇದೀಯಾ?"

"ಇದೀನಿ. ನೀನು ಅಲ್ಲಿಂದ ಇಳೀಬೇಡ. ಗುಡ್ಡದ ಹಿಂದಿನ ಕಾಲುದಾರಿಯಲ್ಲಿ ವ್ಯಾನಿಗೆ ಹೋಗು. ರಸ್ತೆಗೆ ಕಾಲಿಡಬೇಡ, ಇವತ್ತೂ, ನಾಳೆನೂ."

"ಮುಳ್ಳಿದೆ ಮಾರಾಯ್ತಿ ಅಲ್ಲಿ."

"ಚುಚ್ಚಲಿ."

"ಸರಿಯಪ್ಪಾ, ಆಯ್ತು. ಆದ್ರೆ ಅದು ಹೇಳು ಮೊದಲು. ನಾನು ಇಷ್ಟು ಕಷ್ಟಪಟ್ಟಿದ್ದಕ್ಕೆ. ಏನಾದ್ರೂ ಇದೆಯಾ ಅಲ್ಲಿ?"

ನಕ್ಷೆಯಲ್ಲಿ ಸಾಲಿನ ಬಾಲ ಸೇತುವೆಯನ್ನು ಮುಟ್ಟಿತ್ತು, ಕಮಾನುಗಳಿಲ್ಲದ ರಸ್ತೆಯ ಕಡೆಗೆ ತೆವಳುತ್ತಿತ್ತು. ಬಾಗಿಲಲ್ಲಿ ಒಂದ್ನಿಮಿಷ ಬಂದು ನಿಂತಿದ್ದ; ಮೊದಲ ಬಾರಿಗೆ ಅವನು ಕೈಯೆತ್ತಲಿಲ್ಲ. ದೊಡ್ಡಮ್ಮನ ಬೆರಳು ಮತ್ತೆ ಗುಂಡಿಯ ಮೇಲಿತ್ತು.

"ಹೇಳೇ," ಎಂದಳು ದೊಡ್ಡಮ್ಮ ಮೆಲ್ಲಗೆ. "ತಿರುವು ಏನು?"

ಮೇಲೆ ಒಬ್ಬ ನಗುತ್ತ ಕಾಯುತ್ತಿದ್ದ. ಕೆಳಗೆ ಒಬ್ಬ ಹಣೆಗೆ ಅಂಗೈ ಹಿಡಿದು ಕಾಯುತ್ತಿದ್ದ. ಅವಳು ಕೆಳಗಿನವನನ್ನು ನೋಡುತ್ತಲೇ ತಮ್ಮನಿಗೂ ದೊಡ್ಡಮ್ಮನಿಗೂ ಕೇಳುವಂತೆ ಹೇಳಿದಳು.

"ಖಾಲಿ."